ಅಮಾಸಿಗೊಂದು ಗುಳಿಗಿ

ನಮ್ಮವ್ವ ಬೆಳಗ್ಗೆ ಒಂಬತ್ತಕ್ಕೆ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಮಧ್ಯಾಹ್ನ ಒಂದೂವರೆಯ ತನಕ ಏಳುವ ಮಾತೇ ಇಲ್ಲ. ನೀರು ಬೇಡ, ಚಹಾ ಬೇಡ, ಬಚ್ಚಲ ಕಡೆಗೆ ಹೋಗುವುದಂತೂ ಇಲ್ಲವೇ ಇಲ್ಲ. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಕತ್ತು ಮಾತ್ರ ತಿರುಗಿಸುತ್ತಾಳೆ, ಲಾಳಿ ಅತ್ತಿಂದಿತ್ತ ಓಡುತ್ತಲೇ ಇರುತ್ತದೆ. ಎಪ್ಪತ್ತರ ಹೆಂಗಸು. ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ನಾನು ಒಂದು ಪಿರಿಯಡ್ಡು ಪೂರಾ ನಿಂತು ಪಾಠ ಮಾಡಿದರೆ ಕುರ್ಚಿ ಎಲ್ಲಿದೆ ಎಂದು ಹುಡುಕುತ್ತೇನೆ.

ಬೆಟಗೇರಿಯ ನಮ್ಮ ಮನೆಯಲ್ಲಿ ಈಗ ಇರುವುದು ನಾನು, ಅವ್ವ, ಮತ್ತೆ ಆ ಕುಣಿಮಗ್ಗ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಹೋದ ಮೇಲೆ ಆತ ಕೂರುತ್ತಿದ್ದ ಜಾಗಕ್ಕೆ ಅವ್ವ ಇಳಿದಳು. ನಾನು ಮದುವೆಯಾಗಲಿಲ್ಲ. ಅದರ ಕತೆ ಬೇರೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಎಂಟರ ಮುಂಡರಗಿ ಬಸ್ಸು ಹಿಡಿದು ಹಿರೇವಡ್ಡಟ್ಟಿ ಕಡೆಯ ಒಂದು ಶಾಲೆಗೆ ಪಾಠ ಹೇಳಲು ಹೋಗುತ್ತೇನೆ, ಸಂಜೆ ಆರಕ್ಕೆ ಮನೆ ಸೇರುತ್ತೇನೆ. ಹೀಗಾಗಿ ಆಕೆಯ ಹಗಲು ನನಗೆ ಕಾಣುವುದು ಭಾನುವಾರ ಮತ್ತು ಸೂಟಿಯ ದಿನಗಳಲ್ಲಿ ಮಾತ್ರ.

ಒಂದು ಭಾನುವಾರ ಆಕೆ ನನ್ನನ್ನು ಕೂಗಿದಳು. ಧ್ವನಿ ಸಣ್ಣಗಿತ್ತು. ಸಣ್ಣಗೆ ಮಾತಾಡುವುದು ಆಕೆಗೆ ಗೊತ್ತೇ ಇಲ್ಲ, ಹಾಗಾಗಿ ಓಡಿ ಬಂದೆ.

"ಇಲ್ಲೊಂದು ಎಳಿ ಕಡದೈತಿ ನೋಡವಾ. ನನಗ ಸಿಗವಲ್ದು."

ಎಳೆ ನನ್ನ ಕಣ್ಣೆದುರಿಗೇ ಜೋತಾಡುತ್ತಿತ್ತು. ಆಕೆ ಅದರ ಪಕ್ಕದಲ್ಲಿ ಬೆರಳಾಡಿಸುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ತಿಂಗಳಿಂದ ಹಾಗೆ ಕೈಯಂದಾಜಿನಲ್ಲೇ ನೇಯುತ್ತಿದ್ದಳೋ ದೇವರೇ ಬಲ್ಲ. ಕೇಳಿದರೆ, "ಕಾಣತೈತಿ, ಸ್ವಲ್ಪ ಮಬ್ಬ ಕಾಣತೈತಿ ಅಷ್ಟ" ಅಂದಳು. ನೇಯುವವಳಿಗೆ ಎಳೆ ಕಾಣದಿದ್ದರೆ ಉಳಿಯುವುದೇನು? ಮಗ್ಗ ಬಿಟ್ಟರೆ ಅವ್ವನೂ ಹೆಚ್ಚು ದಿನ ಉಳಿಯುವವಳಲ್ಲ ಎಂದು ನನಗೆ ಖಾತ್ರಿಯಿತ್ತು, ಆಕೆಗೂ ಇತ್ತು.

ಗದಗಿನ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಒಂದು ಕಣ್ಣಿಗೆ ಮೊದಲು ಮಾಡೋಣ, ಆಮೇಲೆ ಇನ್ನೊಂದು ಅಂದರು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ನೂರಾ ತೊಂಬತ್ತು ದಾಟಿತ್ತು. "ಇಷ್ಟು ಬಿಪಿ ಇಟ್ಕೊಂಡು ಕಣ್ಣಿಗೆ ಕೈ ಹಚ್ಚೂದಿಲ್ಲರಿ. ಮೊದ್ಲ ಇಳಿಸ್ಕೊಂಡು ಬರ್ರಿ" ಎಂದು ವಾಪಸು ಕಳಿಸಿದರು.

ನಮ್ಮ ಪಕ್ಕದ ಓಣಿಯಲ್ಲೇ ಒಬ್ಬ ಡಾಕ್ಟರು ಕೂರುತ್ತಾರೆ. ನನಗಿಂತ ಹತ್ತು ವರ್ಷ ಸಣ್ಣವರು, ಕುರ್ತಕೋಟಿ ಕಡೆಯ ರೈತರ ಮಗಳು. ಅವರು ಮೊದಲು ಒಂದು ಗುಳಿಗೆ ಕೊಟ್ಟರು. ಒಂದು ತಿಂಗಳ ಮೇಲೆ ಬಿಪಿ ಸ್ವಲ್ಪ ಇಳಿದಿತ್ತು, ಸಾಲದು ಎಂದು ಇನ್ನೊಂದು ಸೇರಿಸಿದರು. ಈ ಎರಡನೆಯದು ಚುಕ್ಕೆಯಷ್ಟು ಸಣ್ಣದು, ಮೂತ್ರ ಹೆಚ್ಚಿಸುವ ಗುಳಿಗೆ. ಅಂದಿನಿಂದ ನಮ್ಮ ಮನೆಯಲ್ಲಿ ಮೊದಲನೆಯದಕ್ಕೆ ದೊಡ್ಡದು ಎಂದೂ ಎರಡನೆಯದಕ್ಕೆ ಉಚ್ಚಿ ಗುಳಿಗಿ ಎಂದೂ ಹೆಸರಾಯಿತು. ಅವ್ವ ನಾಚಿಕೆ ಇಲ್ಲದೆ ಓಣಿಗೆಲ್ಲ ಕೇಳುವಂತೆ ಹಾಗೇ ಕರೆಯುತ್ತಿದ್ದಳು. ನಾನು ತಿಂಗಳು ತಿಂಗಳು ತಪ್ಪದೆ ಎರಡೂ ತಂದುಕೊಡುತ್ತಿದ್ದೆ. ಸಂಜೆ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದೆ: "ಗುಳಿಗಿ ತಗೊಂಡ್ಯಾ?"

"ಹೂಂ, ತಗೊಂಡೀನಿ."

ನಾಲ್ಕು ತಿಂಗಳು ಹೀಗೆ ನಡೆಯಿತು. ಡಾಕ್ಟರು ದೊಡ್ಡ ಗುಳಿಗೆಯನ್ನು ಎರಡು ಸಲ ಹೆಚ್ಚಿಸಿದರು. ಬಿಪಿ ಹಟ ಹಿಡಿದ ಎಮ್ಮೆಯಂತೆ ನಿಂತಲ್ಲೇ ನಿಂತಿತ್ತು. ಮತ್ತೆ ಕಣ್ಣಿನ ದವಾಖಾನೆಗೆ ಹೋದೆವು, ಮತ್ತೆ ವಾಪಸು ಕಳಿಸಿದರು. ಆಟೋದಲ್ಲಿ ಬರುವಾಗ ಅವ್ವ ಹೊರಗೆ ನೋಡುತ್ತಾ ಕೂತಿದ್ದಳು. "ಇನ್ನ ಸಾಕು ಬಿಡವಾ. ಯಾರಿಗಾರ ಮಗ್ಗ ಕೊಟ್ಟಬಿಡೂಣು" ಅಂದಳು. ಜೀವಮಾನದಲ್ಲಿ ಆಕೆ ಸಾಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಅಳು ಬಂದರೆ ನಾನು ಬೈಯುವವಳು. ಮನೆ ಮುಟ್ಟುವ ತನಕ ಆಟೋದವನಿಗೆ ಬೈದೆ, ರಸ್ತೆಗೆ ಬೈದೆ.

ಸಂಜೆ ಅದೇ ಸಿಟ್ಟಿನಲ್ಲಿ ಆಕೆಯನ್ನು ಡಾಕ್ಟರ ಎದುರಿಗೆ ಕೂರಿಸಿದೆ. ಡಾಕ್ಟರು ಚೀಟಿ ನೋಡಿದರು, ಅವ್ವನ ಮುಖ ನೋಡಿದರು.

"ಅಜ್ಜಿ, ಆ ಸಣ್ಣ ಗುಳಿಗಿ ತಗೋತೀರಿಲ್ರಿ?"

"ತಗೋತೀನವಾ. ಒಂದೂ ತಪ್ಪಿಸಿಲ್ಲ."

"ಯಾವಾಗ ತಗೋತೀರಿ?"

"ಅಮಾಸಿಗೆ."

ಡಾಕ್ಟರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ನಾನು ನಾಲ್ಕು ತಿಂಗಳು ತಗೊಂಡ್ಯಾ ತಗೊಂಡ್ಯಾ ಎಂದು ಗಿಣಿಯಂತೆ ಕೇಳಿದ್ದೆ. ಯಾವಾಗ ಎಂದು ಒಂದು ದಿನವೂ ಕೇಳಿರಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡವಳು ನಾನು!

ಅವ್ವ ಮಾತ್ರ ತಪ್ಪಿತಸ್ಥಳಂತೆ ಕಾಣುತ್ತಲೇ ಇರಲಿಲ್ಲ. ಶಾಂತವಾಗಿ ವಿವರಿಸಿದಳು. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ಆಡುವುದಿಲ್ಲ. ಅಂದು ಮಗ್ಗಕ್ಕೆ ವಿಭೂತಿ, ಕುಂಕುಮ, ಹೂವು. ನೇಯುವವರಿಗೆ ತಿಂಗಳಿಗೊಂದು ಸೂಟಿ. ಲಕ್ಷ್ಮೇಶ್ವರದ ಆಕೆಯ ತವರೂ ನೇಯುವವರ ಮನೆಯೇ. ಅಲ್ಲಿ ಆಕೆಯ ತಾಯಿ ಅಮಾವಾಸ್ಯೆ ಬಂತೆಂದರೆ ಸಾಲಾಗಿ ಎಲ್ಲರಿಗೂ ಹರಳೆಣ್ಣೆ ಕುಡಿಸುತ್ತಿದ್ದಳಂತೆ. ಉಳಿದ ದಿನ ಕುಡಿಸಿದರೆ ಕುಣಿಯೊಳಗಿಂದ ಎದ್ದು ಎದ್ದು ಓಡಬೇಕು, ಕೆಲಸ ಕೆಡುತ್ತದೆ. ಅಂದಮೇಲೆ ಒಳಗಿನದನ್ನು ಹೊರಗೆ ಹಾಕುವ ಔಷಧ ಯಾವುದಾದರೂ ಮಗ್ಗದ ಸೂಟಿಯ ದಿನಕ್ಕೇ ಸೇರಿದ್ದು. ಆಕೆ ದೊಡ್ಡ ಗುಳಿಗೆಯನ್ನು ದಿನಾ ನುಂಗಿದ್ದಳು, ಉಚ್ಚಿ ಗುಳಿಗಿಯನ್ನು ನಾಲ್ಕು ಅಮಾವಾಸ್ಯೆಗೆ ನಾಲ್ಕು. ಒಂದೂ ತಪ್ಪಿಸಿರಲಿಲ್ಲ, ಖರೆ.

"ಉಳಿದವು ಏನು ಮಾಡಿದಿ?" ನಾನು ಕೂಗಿದೆ.

"ನೂಲಿನ ಕಂಡಿಕಿ ಬುಟ್ಟ್ಯಾಗ ಅದಾವ. ನೀ ತರ್ತನ ಇದ್ದಿ, ಸ್ಟಾಕ್ ಮಾಡಾಕ ತರ್ತಾಳ ಅನ್ಕೊಂಡೆ."

ಆಮೇಲೆ ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನಿನ್ನ ಕೈಯಾರೆ ಕಣ್ಣು ಕಳಕೊಳ್ಳಾಕತ್ತಿದ್ದಿ ಅಂದೆ. ಹುಚ್ಚಿ ಅಂದೆ. ಓದದವರ ಹಣೆಬರಹವೇ ಇಷ್ಟು ಎಂದೂ ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಡಾಕ್ಟರು ನಡುವೆ ಕೈ ಎತ್ತಿದರು.

"ಟೀಚರ್ರ, ನೀವೂ ಒಂಚೂರು ಕುಂಡ್ರಿ. ಕೈ ಕೊಡ್ರಿ ಇಲ್ಲೆ."

ಪಟ್ಟಿ ನನ್ನ ತೋಳಿಗೆ ಸುತ್ತಿದರು. ನೂರಾ ಅರವತ್ತು. ಸಿಟ್ಟಿನದು ಇರಬಹುದು, ನಾಳೆ ಬಂದು ತೋರಿಸಿ ಅಂದರು. ಮರುದಿನವೂ ಅಷ್ಟೇ ಇತ್ತು.

ಆ ಡಾಕ್ಟರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಮುಂದಿನ ಭಾನುವಾರ. ಅವರು ನಮ್ಮ ಮನೆಗೆ ಬಂದರು. "ಅಜ್ಜಿ, ನಿಮ್ಮ ಮಗ್ಗ ನೋಡಬೇಕ್ರಿ ನಾ" ಎಂದು ಕುಣಿಯ ಅಂಚಿಗೆ ನೆಲದ ಮೇಲೇ ಕೂತರು. ಅವ್ವನಿಗೆ ಇನ್ನೇನು ಬೇಕು! ಲಾಳಿ, ಅದರೊಳಗೆ ಕೂರುವ ನೂಲು ಸುತ್ತಿದ ಕಂಡಿಕೆ, ಕಾಲಲ್ಲಿ ತುಳಿಯುವ ಮಣೆ ಎಲ್ಲ ತೋರಿಸಿದಳು. ಕೂತಲ್ಲಿಂದಲೇ ಕೈಗೆ ಸಿಗುವಂತೆ ಕಟ್ಟಿದ ಒಂದು ಹಗ್ಗವಿದೆ. ಉದ್ದಕ್ಕೆ ಹಾಸಿದ ಎಳೆಗಳ ಬಿಗಿಯೆಲ್ಲ ಆ ಹಗ್ಗದಲ್ಲಿ.

"ಹಾಸು ಭಾಳ ಬಿಗಿ ಆತಂದ್ರ ಎಳಿ ಪಟಪಟ ಕಡೀತಾವ. ಆವಾಗ ಈ ಹಗ್ಗ ಒಂದೀಟ ಸಡ್ಲ ಬಿಡಬೇಕು" ಅಂದಳು ಅವ್ವ.

ಡಾಕ್ಟರು ಹಗ್ಗವನ್ನು ಮುಟ್ಟಿ ನೋಡಿದರು. "ನಿಮ್ಮ ಮೈಯಾಗೂ ಅದ ಆಗೇತ್ರಿ ಅಜ್ಜಿ. ನಾವು ತಿಂದ ಉಪ್ಪು ನೀರು ಹಿಡಕೊಂಡು ಕುಂಡ್ರತೈತಿ. ನೀರು ಹೆಚ್ಚಾದ್ರ ರಕ್ತದ ನಾಳ ಬಿಗೀತಾವ. ಈ ಸಣ್ಣ ಗುಳಿಗಿ ಉಪ್ಪನ್ನ ಹೊರಗ ಕಳಸತೈತಿ, ಅದರ ಬೆನ್ನತ್ತಿ ನೀರು ಹೋಗತೈತಿ. ಬರತಾ ಬರತಾ ನಾಳ ಸಡ್ಲ ಆಗತಾವ. ಇದು ಜತಿಗಿದ್ರನ ಆ ದೊಡ್ಡ ಗುಳಿಗೀನೂ ಬರೋಬರಿ ಕೆಲಸ ಮಾಡೂದು."

"ಭಾಳ ಹೊಸಾ ಔಷಧ ಏನು?"

"ಇಲ್ರಿ, ಭಾಳ ಹಳೀದು. ನಿಮ್ಮ ಹಂಗ, ಹಳೇದಾದ್ರೂ ಗಟ್ಟಿ."

ಅವ್ವ ನಕ್ಕಳು. ಆಮೇಲೆ ಹಗ್ಗವನ್ನು ಒಮ್ಮೆ ಸಡಿಲಿಸಿ, ಮತ್ತೆ ಬಿಗಿದು ನೋಡಿದಳು. ನಾನು ಬಾಯಿ ಹಾಕಲು ಹೋದೆ, ಡಾಕ್ಟರು ಕಣ್ಣಲ್ಲೇ ತಡೆದರು.

"ನಾ ಇದನ್ನ ತಿಂಗಳಿಗೊಮ್ಮೆ ಸಡ್ಲ ಮಾಡಿ, ಉಳಿದ ದಿನ ಬಿಗಿ ಇಟ್ರ ಸೀರಿ ಎಲ್ಲಿ ಆಗಬೇಕು?" ಅಂದಳು ಅವ್ವ, ತನಗೇ ಎಂಬಂತೆ. "ದಿನಾ ನೋಡ್ಕೋಬೇಕಾಗತೈತಿ. ಹಂಗಾದ್ರ ಅಮಾಸಿಗೆ ತಗೊಂಡಿದ್ದು ದಂಡ ಆತು."

ನಾನು ಕೂಗಾಡಿ ತಿಳಿಸಲಾಗದ್ದನ್ನು ಆಕೆ ತಾನೇ ಕೂತಲ್ಲಿ ಬಿಡಿಸಿಕೊಂಡಿದ್ದಳು. ಓದದವಳು ಎಂದು ಅಂದ ಬಾಯಿ ನನ್ನದು. ಮುಖ ಎಲ್ಲಿಡಬೇಕೋ ತಿಳಿಯದೆ ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದೆ.

ಲೆಕ್ಕಾಚಾರ ಡಾಕ್ಟರೂ ಅವ್ವನೂ ಕೂಡಿ ಹಾಕಿದರು. ಬೆಳಗ್ಗೆ ಐದಕ್ಕೆ ಏಳುತ್ತಲೇ ಸಣ್ಣ ಗುಳಿಗೆ. ಕಸ, ನೀರು, ರೊಟ್ಟಿ ಮುಗಿಯುವುದರೊಳಗೆ ಅದರ ಜೋರು ಬಹುತೇಕ ಇಳಿದಿರುತ್ತದೆ, ಆಮೇಲೆ ಮಗ್ಗ. ಮೊದಲ ಕೆಲವು ವಾರ ಏಳುವುದು ಹೆಚ್ಚಾಗಬಹುದು, ಬರಬರುತ್ತ ಮೈ ಹೊಂದಿಕೊಳ್ಳುತ್ತದೆ, ಗುಳಿಗೆಯ ಕೆಲಸ ಮಾತ್ರ ಒಳಗೆ ನಡೆದೇ ಇರುತ್ತದೆ. ನೀರು ಕುಡಿಯುವುದನ್ನು ಬಿಡಬಾರದು. ತಲೆ ತಿರುಗಿದರೆ, ಕಾಲಿನ ಮೀನಖಂಡ ಹಿಡಿದುಕೊಂಡರೆ, ವಾಂತಿ ಭೇದಿ ಹತ್ತಿದರೆ ತಡ ಮಾಡದೆ ಹೇಳಬೇಕು. ಮೂರು ವಾರಕ್ಕೆ ರಕ್ತ ತೆಗೆದು ಲವಣಗಳು ಸರಿ ಇವೆಯೇ ನೋಡಬೇಕು. ಏಳುವ ಮೊದಲು ಡಾಕ್ಟರು ನನ್ನ ಬಿಪಿಯನ್ನು ಮತ್ತೊಮ್ಮೆ ನೋಡಿದರು. ಇಳಿದಿರಲಿಲ್ಲ. ನನಗೂ ಅದೇ ಸಣ್ಣ ಗುಳಿಗೆ ಬರೆದರು.

"ಇಬ್ರೂ ಜೋಡಿ ಆತು ತಗೋ" ಎಂದು ಅವ್ವ ಖುಷಿಪಟ್ಟಳು. ಸೋಮವಾರದಿಂದ ಇಬ್ಬರದೂ ಶುರು ಎಂದು ಠರಾವಾಯಿತು. ಆಕೆಯದು ಕಂಡಿಕೆ ಬುಟ್ಟಿಯಲ್ಲಿ ಮೊದಲೇ ನಾಲ್ಕು ತಿಂಗಳ ದಾಸ್ತಾನು ಇತ್ತು. ನನ್ನದನ್ನು ನಾನು ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡೆ.

ಆ ಮೊದಲ ಹದಿನೈದು ದಿನ ಆಕೆ ಪಟ್ಟ ಪಾಡನ್ನು ಪಕ್ಕದ ಮನೆಯಾಕೆ ಸಂಜೆ ಸಂಜೆ ನನಗೆ ವರದಿ ಮಾಡುತ್ತಿದ್ದಳು. ಕುಣಿಮಗ್ಗದಿಂದ ಏಳುವುದು ಕುರ್ಚಿಯಿಂದ ಎದ್ದಂತಲ್ಲ. ಲಾಳಿ ಇಡಬೇಕು, ಎರಡೂ ಕೈ ಊರಿ ಮೈ ಎತ್ತಬೇಕು, ಕಾಲು ಒಂದೊಂದಾಗಿ ಮೇಲಕ್ಕೆ ತೆಗೆಯಬೇಕು, ಮೊಣಕಾಲಿನ ನೋವು ಬೇರೆ. ತಿರುಗಿ ಬಂದು ಕೂತರೆ ಕೈಯ ಲಯ ತಪ್ಪಿರುತ್ತದೆ. ಅಂಥದ್ದರಲ್ಲಿ ಬೆಳಗಿನ ಹೊತ್ತೇ ಮೂರು ಸಲ, ನಾಲ್ಕು ಸಲ. ಎಷ್ಟೋ ದಿನಕ್ಕೊಮ್ಮೆ ನಳ ಬರುವ ಊರು ನಮ್ಮದು. ಬಚ್ಚಲಿಗೆ ಸುರಿಯುವ ಪ್ರತಿ ಚೊಂಬಿಗೂ ಆಕೆಯ ಹೊಟ್ಟೆ ಉರಿಯುತ್ತಿತ್ತು.

ಪಕ್ಕದ ಮನೆಯಾಕೆ ಒಮ್ಮೆ ಚೇಷ್ಟೆ ಮಾಡಿದಳಂತೆ: "ಏನ ಯಕ್ಕಾ, ಮಗ್ಗ ಬಚ್ಚಲದಾಗ ಹಾಕ್ಸೀರೇನು?"

"ಹಾಕ್ಸೇನಿ. ನೀ ಬಂದು ಕಂಡಿಕಿ ಸುತ್ತು ಬಾ" ಅಂದಳಂತೆ ಅವ್ವ.

ನಲವತ್ತು ವರ್ಷ ಎಳೆ ಎಳೆಯಾಗಿ ಕಟ್ಟಿಕೊಂಡ ಅಭ್ಯಾಸ ಅದು. ನೀರು ಕುಡಿಯದೆ, ತಡೆದುಕೊಂಡು, ಊಟದ ಹೊತ್ತಿಗೆ ಏಳುವುದೇ ಆಕೆಯ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಎಪ್ಪತ್ತರಲ್ಲಿ ಆಕೆ ಒಂದು ಚುಕ್ಕೆ ಗುಳಿಗೆಗೆ ಬಿಟ್ಟುಕೊಟ್ಟಳು. ನಾನು ಆಕೆಯ ಜಾಗದಲ್ಲಿದ್ದಿದ್ದರೆ ಮೂರನೇ ದಿನಕ್ಕೆ ಏನಾದರೂ ನೆವ ಹುಡುಕುತ್ತಿದ್ದೆ. ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ರೊಟ್ಟಿಯ ಜೊತೆ ದಿನಾ ಕಡಿಯುತ್ತಿದ್ದ ಉಪ್ಪು ತುಂಬಿ ಒಣಗಿಸಿದ ಮೆಣಸಿನಕಾಯಿ, ಉಪ್ಪಿನಕಾಯಿ, ಹಪ್ಪಳ ಮೂರನ್ನೂ ಒಂದೇ ದಿನ ಅಟ್ಟದ ಮೇಲಿಟ್ಟಳು. ನಾನೇನೂ ಹೇಳಿರಲಿಲ್ಲ.

"ಒಂದ ಕಡೆಯಿಂದ ಗುಳಿಗಿ ಉಪ್ಪು ಹೊರಗ ಹಾಕೂದು, ಇನ್ನೊಂದ ಕಡೆಯಿಂದ ನಾ ಒಳಗ ತುಂಬೂದು. ಇದ್ಯಾಕ ಬೇಕು ಈ ಹುಚ್ಚಾಟ?" ಅಂದಳು. ಶೇಂಗಾ ಚಟ್ನಿಗೂ ಉಪ್ಪು ಅರ್ಧ ಮಾಡಿದಳು. ಮೊದಲ ವಾರ ನನಗೆ ಮಣ್ಣು ತಿಂದ ಹಾಗಾಯಿತು, ಆಕೆ ಹಾಗೆ ಒಂದು ಮಾತೂ ಆಡಲಿಲ್ಲ.

ಮೂರನೇ ವಾರಕ್ಕೆ ಏಳುವುದು ತಾನಾಗಿ ಕಡಿಮೆಯಾಯಿತು. ರಕ್ತದ ಪರೀಕ್ಷೆ ಸರಿ ಬಂತು. ಬಿಪಿ ನೂರಾ ಅರವತ್ತಕ್ಕೆ ಇಳಿಯಿತು, ಆಮೇಲೆ ನೂರಾ ನಲವತ್ತೆಂಟಕ್ಕೆ. ಆರು ವಾರ ತುಂಬಿದಾಗ ಮತ್ತೆ ಕಣ್ಣಿನ ದವಾಖಾನೆಯ ಬೆಂಚಿನ ಮೇಲೆ ಕೂತೆವು. ಪಟ್ಟಿ ಸುತ್ತಿದ ನರ್ಸು ಗಾಳಿ ತುಂಬಿ ಬಿಡುವಷ್ಟು ಹೊತ್ತು ನಾನು ಮುಳ್ಳಿನ ಮೇಲಿನ ಕಣ್ಣು ಕೀಳಲಿಲ್ಲ. ಅವ್ವ ನರ್ಸಿನ ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು, ಕೈಮಗ್ಗದ್ದೋ ಅಲ್ಲವೋ ಎಂದು.

"ನೂರಾ ಮೂವತ್ತೆಂಟ್ರಿ. ಒಳಗ ಕರಕೊಂಡು ಬರ್ರಿ" ಅಂದಳು ನರ್ಸು.

ನನಗೆ ಕುಣಿಯಬೇಕೆನಿಸಿತು. ಒಂದು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಗುಳಿಗೆ, ಯಾರೂ ಹೊಗಳದ, ಹೆಸರು ಹೇಳಿದರೆ ಜನ ನಗುವ ಗುಳಿಗೆ, ಕಣ್ಣಿನ ದವಾಖಾನೆಯ ಬಾಗಿಲು ತೆಗೆಸಿತ್ತು. ಅದಕ್ಕೆ ಕೈ ಮುಗಿಯುವಷ್ಟು ನನಗೆ ಪ್ರೀತಿ ಬಂದಿದ್ದು ಖರೆ.

ಮೊದಲ ಕಣ್ಣಿನ ಆಪರೇಷನ್ ಆದ ಕೆಲವು ದಿನಕ್ಕೆ ಅವ್ವ ಮಗ್ಗದ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಅದರ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಎಳೆ ತಪ್ಪಿತ್ತು. ನನಗೆ ತೋರಿಸಿದರೂ ಕಾಣಲಿಲ್ಲ. "ಥೂ, ಇದನ್ನ ಯಾರು ನೇಯ್ದಾರ?" ಎಂದು ತನಗೇ ಬೈದುಕೊಂಡಳು. ಕಣ್ಣಿನ ಡಾಕ್ಟರು ಮಗ್ಗಕ್ಕೆ ಕೂರಬಹುದು ಎಂದ ದಿನ ಮೊದಲು ಮಾಡಿದ ಕೆಲಸ ಆ ನಾಲ್ಕು ಬೆರಳನ್ನು ಬಿಚ್ಚುವುದು. ಎಳೆ ಎಳೆಯಾಗಿ ಬಿಚ್ಚಿ, ಮತ್ತೆ ನೇಯ್ದಳು. ಅದನ್ನು ಯಾರೂ ಗುರುತಿಸುತ್ತಿರಲಿಲ್ಲ ಎಂದೆ. "ನನಗ ಕಾಣಸ್ತಲ್ಲ" ಅಂದಳು.

ಆಮೇಲೆ ಒಂದು ಭಾನುವಾರ ಬೆಳಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದೆ. ಬಾಚಣಿಗೆ ಬ್ಯಾಗಿನಲ್ಲಿದೆ, ಕೊಡವಾ ಅಂದೆ. ಅವ್ವ ಬ್ಯಾಗಿಗೆ ಕೈ ಹಾಕಿ ಬಾಚಣಿಗೆಯ ಜೊತೆ ಇನ್ನೊಂದನ್ನೂ ತೆಗೆದಳು. ಗುಳಿಗೆಯ ಶೀಟು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಿಂದಾ?"

"ಹೂಂ."

"ಹತ್ತರಾಗ ಒಂದ ಉಳದೈತಿ."

"ಹೂಂ."

ಹೋಗಿ ಕಂಡಿಕೆ ಬುಟ್ಟಿ ತಂದಳು. ಖಾಲಿಯಾದ ಶೀಟುಗಳನ್ನು ಆಕೆ ಎಸೆದಿರಲಿಲ್ಲ. ಒಂದರ ಪಕ್ಕ ಒಂದು ನನ್ನ ಎದುರಿಗೆ ನೆಲದ ಮೇಲೆ ಹರಡಿದಳು. ಆರು ಪೂರ್ತಿ ಖಾಲಿ, ಏಳನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ಇಬ್ರೂ ಒಂದ ಸೋಮವಾರ ಸುರು ಮಾಡಿದ್ವಿ. ನಂದು ಏಳನೇದು ನಡದೈತಿ. ನಿಂದು ಒಂದೂ ತೀರಿಲ್ಲ."

ನೆವಗಳು ನನ್ನ ಹತ್ತಿರ ಸಾಕಷ್ಟಿದ್ದವು. ಮುಂಡರಗಿ ಬಸ್ಸು ನಡುವೆ ಎಲ್ಲೂ ನಿಲ್ಲುವುದಿಲ್ಲ, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು, ಇಳಿದ ಕೂಡಲೇ ಪ್ರಾರ್ಥನೆಯ ಹೊತ್ತು, ಗಂಡಸರು ತುಂಬಿದ ಬಸ್ಸಿನಲ್ಲಿ ನಿಲ್ಲಿಸ್ರಿ ಅನ್ನಲು ಬಾಯಿ ಬರುವುದಿಲ್ಲ. ಎಲ್ಲವೂ ನಿಜ. ಐದಕ್ಕೆ ಎದ್ದು ನುಂಗಿದ್ದರೆ ಇದಾವುದರ ತಂಟೆ ಅಷ್ಟಾಗಿ ಇರುತ್ತಿರಲಿಲ್ಲ ಎಂಬುದೂ ನಿಜ. ನಾನು ಏಳುವುದು ಆರೂವರೆಗೆ. ಸೂಟಿಯ ದಿನ ನುಂಗಿದರೆ ಸಾಕು, ಏನೂ ಇಲ್ಲದಕ್ಕಿಂತ ಚಲೋ ಎಂದುಕೊಂಡಿದ್ದೆ. ಎರಡು ಡಿಗ್ರಿ ಓದಿದವಳು ನಾನು.

ಈಗ ಬೈಯುತ್ತಾಳೆ ಎಂದು ಕಾದೆ. ನಾನು ಡಾಕ್ಟರ ಮುಂದೆ ಆಕೆಗೆ ಅಂದ ಒಂದೊಂದು ಮಾತನ್ನೂ ತಿರುಗಿಸಿ ಅಂದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ಆಕೆ ಬೆರಳು ಮಡಿಚಿ ವಾರಗಳನ್ನು ಎಣಿಸಿ ಮುಗಿಸಿದಳು. ನನ್ನ ಮುಖವನ್ನೇ ನೋಡಿದಳು.

"ನಿನ್ನ ಅಮಾಸಿ ರವಿವಾರಕ್ಕ ಬರತೈತಾ?"

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ನಾ ಇಂಥಾ ಮೊಣಕಾಲು ಇಟ್ಕೊಂಡು ಕುಣಿಯಾಗಿಂದ ಎದ್ದ ಬಂದೀನಿ" ಅಂದಳು. ಧ್ವನಿ ಸಣ್ಣಗಿತ್ತು. "ನಿನಗ ಹಾಸಿಗ್ಯಾಗಿಂದ ಏಳಾಕ ಆಗೂದಿಲ್ಲೇನವಾ? ನನ್ನ ಕಣ್ಣ ಬಂದಿದ್ದು ನೀ ಲಕ್ವಾ ಹೊಡದು ಒಂದ ಕಡೆ ಬಾಯಿ ಸೊಟ್ಟಾಗಿ ಮಲಗಿದ್ದನ್ನ ನೋಡಾಕ ಏನು?"

ಮರುದಿನ ಸೋಮವಾರ, ಐದಕ್ಕೆ ಯಾರೋ ನನ್ನ ಹೊದಿಕೆ ಎಳೆದರು. ಕಣ್ಣು ಬಿಟ್ಟರೆ ಅವ್ವ, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಎರಡು ಗುಳಿಗೆ. ಮೊದಲು ತಾನು ನುಂಗಿದಳು. ಆಮೇಲೆ ನನ್ನದನ್ನು ಕೊಟ್ಟಳು.

"ನುಂಗಿದ್ಯಾ?"

"ನುಂಗಿದೆ."

"ಬಾಯಿ ತೆರಿ."

ಐವತ್ತಕ್ಕೆ ಹತ್ತಿರವಾದ ಟೀಚರು ನಾನು, ಬಾಯಿ ತೆರೆದೆ. ಅವ್ವ ನನ್ನ ಗದ್ದ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, ನಾಲಗೆಯ ಕೆಳಗೂ ನೋಡಿದಳು.